ಎಐ ಡೇಟಾ ಸೆಂಟರ್ ನೆಚ್ಚಿದ ಎಲೆಕ್ಟ್ರಾನಿಕ್ಸ್ ಗುತ್ತಿಗೆ ತಯಾರಕರ ಷೇರು: ಕೊಳ್ಳುವ ಮುನ್ನ ಏನೇನು ನೋಡಬೇಕು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಎಐ ಚಿಪ್ ಮಾಡುವ ಕಂಪನಿಗಳ ಷೇರು ಆಗಲೇ ಬಹಳ ಏರಿವೆ. ಆ ಚಿಪ್ ಕೂರಿಸಿ, ಡೇಟಾ ಸೆಂಟರ್‌ನಲ್ಲಿ ಓಡುವ ದೊಡ್ಡ ಕಂಪ್ಯೂಟರ್ ಅಂದರೆ ಸರ್ವರ್ ಜೋಡಿಸಿಕೊಡುವ ಕಂಪನಿಯ ಷೇರು ಕೊಂಡರೆ ಹೇಗೆ?” ಕೊಳ್ಳಬಹುದು. ಆದರೆ ಈ ಧಂದೆಯ ಲಾಭ ತೆಳು, ಗ್ರಾಹಕರು ಕೆಲವೇ ಮಂದಿ, ಮಾಲಿನಲ್ಲಿ ಸಿಕ್ಕಿಬೀಳುವ ರೊಕ್ಕ ದೊಡ್ಡದು. ಈ ಮೂರನ್ನೂ ಲೆಕ್ಕಪತ್ರದಲ್ಲಿ ಎಲ್ಲಿ, ಹೇಗೆ ಹುಡುಕಬೇಕು ಎಂದು ತಿಳಿಯದೆ ಕೈ ಹಾಕಬೇಡಿ. ಹುಡುಕುವ ದಾರಿಯನ್ನು ಹಂತ ಹಂತವಾಗಿ ಕೆಳಗೆ ಕೊಟ್ಟಿದೆ.

ಧಾರವಾಡದ ಕೋಟೂರ–ಬೇಲೂರ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಕಾ ಕ್ಲಸ್ಟರ್‌ಗೆ ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ನಮ್ಮ ಭಾಗಕ್ಕೆ ಅದು ಒಳ್ಳೆಯ ಸುದ್ದಿ. ಆದರೆ ಊರ ಬದಿಗೆ ಕ್ಲಸ್ಟರ್ ಬರುವುದು ಯಾವುದೋ ಒಂದು ಕಂಪನಿಯ ಷೇರು ಕೊಳ್ಳಲು ಕಾರಣವಾಗದು. ಇವೆರಡನ್ನೂ ಬೇರೆ ಬೇರೆಯಾಗಿಯೇ ಇಡಿ.

ಮೊದಲು ಬೇಕಾದದ್ದು

ಡಿಮ್ಯಾಟ್ ಖಾತೆ ಮತ್ತು ಪ್ಯಾನ್ ಇರಲೇಬೇಕು. ಅವುಗಳ ಜೊತೆಗೆ ಕಂಪನಿಯ ಕಳೆದ ಮೂರು ವರ್ಷಗಳ ವಾರ್ಷಿಕ ವರದಿ, ಕೊನೆಯ ನಾಲ್ಕು ತ್ರೈಮಾಸಿಕ ಫಲಿತಾಂಶ ಮತ್ತು ಕಾನ್‌ಕಾಲ್‌ನ ಬರಹರೂಪ ಇಳಿಸಿಕೊಳ್ಳಿ. ಕಾನ್‌ಕಾಲ್ ಎಂದರೆ ಫಲಿತಾಂಶ ಬಂದ ಮೇಲೆ ಆಡಳಿತ ಮಂಡಳಿ ಹೂಡಿಕೆದಾರರ ಪ್ರಶ್ನೆಗೆ ಉತ್ತರಿಸುವ ಫೋನ್ ಸಭೆ. ಇವೆಲ್ಲ ಷೇರುಪೇಟೆಗಳಾದ ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ. ಅಮೆರಿಕದಲ್ಲಿ ನೋಂದಾಯಿತ ಕಂಪನಿಯಾದರೆ ಅಲ್ಲಿನ ನಿಯಂತ್ರಕ ಎಸ್‌ಇಸಿಯ ಎಡ್ಗರ್ ತಾಣದಲ್ಲಿ ನೋಡಿ. ಎಕ್ಸೆಲ್ ಹಾಳೆಯೋ ನೋಟ್‌ಬುಕ್ಕೋ ಒಂದಿರಲಿ, ಮೂರು ಸಂಜೆಯ ಬಿಡುವಿರಲಿ.

ರೊಕ್ಕ ಯಾವುದು ಎಂಬುದೂ ಮುಖ್ಯ. ಮುಂಗಾರಿಗೆ ಬೀಜ–ಗೊಬ್ಬರಕ್ಕೆ ಇಟ್ಟದ್ದು, ಭಿಶಿಯ ಕಂತು, ಮನೆಯ ಮದುವೆಗೆ ತೆಗೆದಿಟ್ಟದ್ದು ಇದಕ್ಕೆ ಬೇಡ. ಐದು ವರ್ಷ ಮುಟ್ಟದೆ ಇರಬಲ್ಲ ಹಣ ಮಾತ್ರ ತನ್ನಿ.

ಹಂತ 1: ಕಂಪನಿ ನಿಜವಾಗಿ ಏನು ಮಾಡುತ್ತದೆ?

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಎಸ್ಟೇಟಿನ ವರ್ಕ್‌ಶಾಪ್‌ಗಳ ಪರಿಚಯ ಇದ್ದವರಿಗೆ ಈ ಧಂದೆ ಹೊಸದಲ್ಲ. ಅಲ್ಲಿ ವಾಲ್ವ್‌ನ ಡ್ರಾಯಿಂಗ್ ಗ್ರಾಹಕರದು, ಹೆಸರು ಗ್ರಾಹಕರದು. ಲೇಥ್ ಮತ್ತು ದುಡಿಮೆ ವರ್ಕ್‌ಶಾಪಿನವರದು. ಎಲೆಕ್ಟ್ರಾನಿಕ್ಸ್‌ನ ಗುತ್ತಿಗೆ ತಯಾರಕರೂ ಇದೇ ಜಾಬ್ ವರ್ಕ್ ಮಾಡುತ್ತಾರೆ. ಪೇಟೆಯಲ್ಲಿ ಇವರನ್ನು ಇಎಂಎಸ್ ಕಂಪನಿ ಎನ್ನುತ್ತಾರೆ. ತೈವಾನಿನ ಫಾಕ್ಸ್‌ಕಾನ್, ಕ್ವಾಂಟಾ, ವಿವಿನ್, ಅಮೆರಿಕದ ಜೇಬಿಲ್, ಸ್ಯಾನ್‌ಮಿನಾ, ಐಬಿಎಂ ಒಳಗೇ ಹುಟ್ಟಿ ಬೇರೆಯಾದ ಕೆನಡಾದ ಸೆಲೆಸ್ಟಿಕಾ ಈ ಸಾಲಿನ ದೊಡ್ಡ ಹೆಸರುಗಳು.

ಡೇಟಾ ಸೆಂಟರ್ ಕೆಲಸದಲ್ಲಿ ಮೆಟ್ಟಿಲುಗಳಿವೆ. ಕೆಳಗಿನದು ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಡಿಭಾಗ ಕೂರಿಸುವುದು. ಅದರ ಮೇಲಿನದು ಪೆಟ್ಟಿಗೆ, ಪವರ್ ಸಪ್ಲೈ, ಫ್ಯಾನ್ ಸೇರಿಸಿ ಪೂರ್ತಿ ಸರ್ವರ್ ಜೋಡಿಸುವುದು. ಅದಕ್ಕೂ ಮೇಲಿನದು ಹತ್ತಾರು ಸರ್ವರ್‌ಗಳನ್ನು ಬೀರುವಿನಂಥ ಒಂದು ರ‍್ಯಾಕ್‌ಗೆ ತುಂಬಿ, ತಂತಿ ಎಳೆದು, ನೀರಿನ ತಂಪು ವ್ಯವಸ್ಥೆ ಜೋಡಿಸಿ, ಓಡಿಸಿ ಪರೀಕ್ಷಿಸಿ ಕಳಿಸುವುದು. ಇವೆಲ್ಲಕ್ಕೂ ಮೇಲೆ ವಿನ್ಯಾಸವನ್ನೂ ತಾನೇ ಮಾಡಿಕೊಡುವುದು. ಮೇಲಿನ ಮೆಟ್ಟಿಲಿಗೆ ಹೋದಷ್ಟೂ ಗ್ರಾಹಕ ಬಿಟ್ಟುಹೋಗುವುದು ಕಷ್ಟ.

ರ‍್ಯಾಕ್ ಕೆಲಸ ಎಷ್ಟು ಭಾರಿ ಎಂಬುದಕ್ಕೆ ಚಿಪ್ ಕಂಪನಿ ಎನ್‌ವಿಡಿಯಾದ ಜಿಬಿ200 ಎನ್‌ವಿಎಲ್72 ರ‍್ಯಾಕ್ ನೋಡಿ: 72 ಜಿಪಿಯು (ಎಐ ಲೆಕ್ಕ ಮಾಡುವ ಮುಖ್ಯ ಚಿಪ್), 36 ಸಿಪಿಯು (ಸಾಮಾನ್ಯ ಕಂಪ್ಯೂಟರ್ ಚಿಪ್), ಸುಮಾರು 120 ಕಿಲೋವಾಟ್ ವಿದ್ಯುತ್. ಹೊಲದ 5 ಎಚ್‌ಪಿ ಪಂಪ್‌ಸೆಟ್ 32 ಒಟ್ಟಿಗೆ ಓಡಿದಷ್ಟು! ಇದನ್ನು ಕಾರ್ಖಾನೆಯಲ್ಲೇ ಓಡಿಸಿ ನೋಡಬೇಕೆಂದರೆ ಅಷ್ಟು ವಿದ್ಯುತ್ ಸಂಪರ್ಕ ಮತ್ತು ನೀರಿನ ತಂಪು ವ್ಯವಸ್ಥೆ ಅಲ್ಲಿರಬೇಕು. ಹಾಗಾಗಿ “ನಾವೂ ಎಐ ಸರ್ವರ್‌ಗೆ ಇಳಿಯುತ್ತಿದ್ದೇವೆ” ಎನ್ನುವ ಕಂಪನಿಯ ವರದಿಯಲ್ಲಿ ಪರೀಕ್ಷಾ ಘಟಕದ ವಿದ್ಯುತ್ ಸಾಮರ್ಥ್ಯ ಎಷ್ಟು ಮೆಗಾವಾಟ್ ಎಂದು ಹುಡುಕಿ. ಆ ಅಂಕಿ ಎಲ್ಲೂ ಇಲ್ಲದಿದ್ದರೆ ಅವರು ಇನ್ನೂ ಬೋರ್ಡಿನ ಮೆಟ್ಟಿಲಲ್ಲೇ ಇದ್ದಾರೆ ಎಂದುಕೊಳ್ಳುವುದು ಕ್ಷೇಮ.

ಮೌಲ್ಯ ಯಾವ ಮೆಟ್ಟಿಲಿನಲ್ಲಿದೆ ಎಂದು 2025ರ ಒಂದು ವ್ಯವಹಾರ ಚೆನ್ನಾಗಿ ತೋರಿಸುತ್ತದೆ. ಚಿಪ್ ಕಂಪನಿ ಎಎಂಡಿ, ಸರ್ವರ್ ತಯಾರಕ ಜೆಡ್‌ಟಿ ಸಿಸ್ಟಮ್ಸ್ ಅನ್ನು ಕೊಂಡಿತು. ವಿನ್ಯಾಸದ ಎಂಜಿನಿಯರುಗಳನ್ನು ತನ್ನಲ್ಲೇ ಉಳಿಸಿಕೊಂಡು, ತಯಾರಿಕೆಯ ಭಾಗವನ್ನು ಸ್ಯಾನ್‌ಮಿನಾಗೆ ಮಾರಿತು.

ಭಾರತದ ಪಟ್ಟಿಗೆ ಬಂದರೆ ಇನ್ನೂ ಎಚ್ಚರ ಬೇಕು. ಡಿಕ್ಸನ್‌ನ ವಹಿವಾಟಿನ ದೊಡ್ಡ ಪಾಲು ಮೊಬೈಲ್ ಫೋನು. ಸಿರ್ಮಾ ಎಸ್‌ಜಿಎಸ್, ಸೈಯಂಟ್ ಡಿಎಲ್‌ಎಂ, ಮೈಸೂರಿನ ಕೇನ್ಸ್ ಇವುಗಳ ಮುಖ್ಯ ಕೆಲಸ ವಾಹನ, ಕೈಗಾರಿಕೆ, ವಿಮಾನ, ರೈಲ್ವೆ, ವೈದ್ಯಕೀಯ ಉಪಕರಣಗಳಂಥ ಕ್ಷೇತ್ರಗಳಲ್ಲಿ ಹಂಚಿಕೊಂಡಿದೆ. 2023ರ ಜುಲೈಯಲ್ಲಿ ಪೇಟೆಗೆ ಬಂದ ಫರೀದಾಬಾದಿನ ನೆಟ್‌ವೆಬ್ ನೇರವಾಗಿ ಸರ್ವರ್ ಮಾಡುತ್ತದೆ, ಆದರೆ ಟೈರೋನ್ ಎಂಬ ತನ್ನದೇ ಬ್ರ್ಯಾಂಡಿನಲ್ಲಿ. ಅದನ್ನು ಶುದ್ಧ ಗುತ್ತಿಗೆ ತಯಾರಕ ಎನ್ನಲಾಗದು. ಇವು ಕೆಟ್ಟ ಕಂಪನಿಗಳೆಂದು ಹೇಳುತ್ತಿಲ್ಲ. ಅಮೆಜಾನ್, ಗೂಗಲ್‌ನಂಥ ಅಮೆರಿಕದ ಕ್ಲೌಡ್ ದೈತ್ಯರ ಖರ್ಚನ್ನು ನಂಬಿ ಕೊಳ್ಳುವುದಾದರೆ, ವರದಿಯ ವಿಭಾಗವಾರು ವರಮಾನದ ಪುಟ ತೆರೆದು ಡೇಟಾ ಸೆಂಟರ್ ಕೆಲಸದ ಪಾಲು ಶೇಕಡಾ ಎಷ್ಟು ಎಂದು ಬರೆದುಕೊಳ್ಳಿ. ಶೇ 10ಕ್ಕಿಂತ ಕಡಿಮೆ ಇದ್ದರೆ ನೀವು ಕೊಳ್ಳುತ್ತಿರುವುದು ಬೇರೆಯೇ ಧಂದೆಯನ್ನು.

ಹಂತ 2: ಗ್ರಾಹಕರನ್ನು ಎಣಿಸಿ

ಭಾರತದ ಲೆಕ್ಕಪತ್ರ ನಿಯಮ ಇಂಡ್ ಎಎಸ್ 108ರ ಪ್ರಕಾರ, ಒಬ್ಬ ಗ್ರಾಹಕನಿಂದ ಒಟ್ಟು ವರಮಾನದ ಶೇ 10 ಅಥವಾ ಹೆಚ್ಚು ಬಂದರೆ ಕಂಪನಿ ಅದನ್ನು ತಿಳಿಸಲೇಬೇಕು. ಹೆಸರು ಹೇಳಬೇಕೆಂದಿಲ್ಲ, ಮೊತ್ತ ಹೇಳಬೇಕು. ವಾರ್ಷಿಕ ವರದಿಯ ಕೊನೆಯ ಭಾಗದಲ್ಲಿ, ಲೆಕ್ಕಪತ್ರದ ಟಿಪ್ಪಣಿಗಳಲ್ಲಿ, ವಿಭಾಗವಾರು ಮಾಹಿತಿ ಎಂಬ ತಲೆಬರಹದಡಿ ಇದು ಸಿಗುತ್ತದೆ. ಅಮೆರಿಕದಲ್ಲೂ ಇದೇ ಶೇ 10ರ ನಿಯಮವಿದೆ.

ಇದೇಕೆ ಇಷ್ಟು ಮುಖ್ಯ? ಒಂದು ಕಲ್ಪಿತ ಕಂಪನಿ ತೆಗೆದುಕೊಳ್ಳಿ. ವರಮಾನ 1,000 ಕೋಟಿ. ಅದರಲ್ಲಿ ಮಾಲಿನ ಖರ್ಚು 800 ಕೋಟಿ. ಪಗಾರ, ಬಾಡಿಗೆ, ವಿದ್ಯುತ್, ಯಂತ್ರದ ಸವಕಳಿ 140 ಕೋಟಿ. ಉಳಿದದ್ದು 60 ಕೋಟಿ, ಅಂದರೆ ಶೇ 6. ದೊಡ್ಡ ಗ್ರಾಹಕನ ಪಾಲು ಶೇ 35 ಎಂದಿಟ್ಟುಕೊಳ್ಳಿ. ಅವನು ಆರ್ಡರ್ ಅರ್ಧಕ್ಕೆ ಇಳಿಸಿದರೆ ವರಮಾನ 825 ಕೋಟಿಗೆ ಬರುತ್ತದೆ. ಮಾಲಿನ ಖರ್ಚು 660ಕ್ಕೆ ಇಳಿಯುತ್ತದೆ, ಆದರೆ 140 ಕೋಟಿಯ ಖರ್ಚು ಅಲ್ಲೇ ಇರುತ್ತದೆ. ಕೈಗೆ ಉಳಿಯುವುದು 25 ಕೋಟಿ. ವರಮಾನ ಬಿದ್ದದ್ದು ಶೇ 17.5, ಲಾಭ ಬಿದ್ದದ್ದು ಶೇ 58. ತೆಳು ಲಾಭದ ಧಂದೆಯಲ್ಲಿ ಒಬ್ಬ ಗ್ರಾಹಕ ಕೆಮ್ಮಿದರೂ ಸಾಕು ಎನ್ನುವುದು ಇದಕ್ಕೇ.

ನೀವು ನೋಡುತ್ತಿರುವ ಕಂಪನಿಯ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಾಕಿ. ಮೂರು ವರ್ಷದ ಮೊದಲ ಗ್ರಾಹಕನ ಪಾಲು ಸಾಲಾಗಿ ಬರೆಯಿರಿ. ಪಾಲು ಏರುತ್ತಾ ಹೋಗಿದ್ದರೆ ಬೆಳವಣಿಗೆ ಚೆಂದ ಕಾಣುತ್ತದೆ, ಅಪಾಯವೂ ಅದರ ಜೊತೆಯಲ್ಲೇ ಏರಿರುತ್ತದೆ. ಒಬ್ಬನೇ ಗ್ರಾಹಕ ಶೇ 30 ದಾಟಿದ್ದರೆ, ಅವನೊಂದಿಗೆ ಒಂದಕ್ಕಿಂತ ಹೆಚ್ಚು ಉತ್ಪನ್ನದ ಕೆಲಸ ನಡೆದಿದೆಯೇ ಎಂದು ಕಾನ್‌ಕಾಲ್‌ನಲ್ಲಿ ಹುಡುಕಿ. ಒಂದೇ ಮಾದರಿಯ ಕೆಲಸವಾದರೆ ಮುಂದಿನ ಪೀಳಿಗೆಯ ಚಿಪ್ ಬಂದ ದಿನ ಆ ಕೆಲಸ ಬೇರೆಯವರ ಪಾಲಾಗಬಹುದು.

ಹಂತ 3: ಮಾಲು ಯಾರದು?

ವಾಲ್ವ್‌ನ ಉದಾಹರಣೆಗೇ ಮರಳೋಣ. ಕಾಸ್ಟಿಂಗ್ (ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಭಾಗ) 800 ರೂಪಾಯಿ, ಮಷೀನಿಂಗ್ ಮಜೂರಿ 200, ಅದರಲ್ಲಿ ಉಳಿತಾಯ 40. ಕಾಸ್ಟಿಂಗ್ ನೀವೇ ಕೊಂಡರೆ ಬಿಲ್ 1,000 ರೂಪಾಯಿ, ಲಾಭ ಶೇ 4. ಗ್ರಾಹಕನೇ ಕಾಸ್ಟಿಂಗ್ ಕೊಟ್ಟರೆ ಬಿಲ್ 200, ಲಾಭ ಶೇ 20. ಕಿಸೆಗೆ ಬಂದದ್ದು ಎರಡೂ ಕಡೆ 40 ರೂಪಾಯಿಯೇ.

ಎಲೆಕ್ಟ್ರಾನಿಕ್ಸ್‌ನಲ್ಲಿ ಮೊದಲನೆಯದಕ್ಕೆ ಟರ್ನ್‌ಕೀ, ಎರಡನೆಯದಕ್ಕೆ ಕನ್ಸೈನ್‌ಮೆಂಟ್ ಎನ್ನುತ್ತಾರೆ. ಎಐ ರ‍್ಯಾಕಿನಲ್ಲಿ ಅತಿ ತುಟ್ಟಿ ಭಾಗ ಜಿಪಿಯು. ಅದನ್ನು ಗ್ರಾಹಕ ತಂದುಕೊಡುತ್ತಾನೋ ತಯಾರಕ ಕೊಂಡು ಹಾಕುತ್ತಾನೋ ಎಂಬುದರ ಮೇಲೆ ವರಮಾನದ ಅಂಕಿ ಹಲವು ಪಟ್ಟು ಬದಲಾಗುತ್ತದೆ. ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. “ವರಮಾನ ದುಪ್ಪಟ್ಟಾಯಿತು” ಎಂಬ ಸುದ್ದಿಯ ಹಿಂದೆ ಕೆಲವೊಮ್ಮೆ ಕೆಲಸ ಹೆಚ್ಚಿರುವುದಿಲ್ಲ, ಬಿಲ್ ಮಾಡುವ ಬಗೆ ಬದಲಾಗಿರುತ್ತದೆ. ಹಾಗೆಯೇ ಶೇಕಡಾ ಲಾಭ ಇಳಿದದ್ದೆಲ್ಲ ಕೆಟ್ಟ ಸುದ್ದಿಯಲ್ಲ. ಎರಡು ಕಂಪನಿಗಳನ್ನು ಹೋಲಿಸುವಾಗ ಶೇಕಡಾ ಲಾಭ ಬಿಟ್ಟು, ಹೂಡಿದ ಬಂಡವಾಳದ ಮೇಲಿನ ಗಳಿಕೆ ನೋಡಿ: ತೆರಿಗೆ ಕಳೆದ ಕಾರ್ಯಾಚರಣೆ ಲಾಭವನ್ನು, ಷೇರುದಾರರ ಬಂಡವಾಳ ಮತ್ತು ನಿವ್ವಳ ಸಾಲದ (ಸಾಲದಿಂದ ಕೈಯ ನಗದು ಕಳೆದದ್ದು) ಮೊತ್ತದಿಂದ ಭಾಗಿಸಿ. ಸಾಲದ ಬಡ್ಡಿದರವನ್ನೂ ಇದು ಮೀರದಿದ್ದರೆ ಆ ಬೆಳವಣಿಗೆಯಿಂದ ನಿಮಗೆ ಪ್ರಯೋಜನವಿಲ್ಲ.

ಹಂತ 4: ದಾಸ್ತಾನು ಮತ್ತು ನಗದು

ಇಡೀ ಲೇಖನದಲ್ಲಿ ಒಂದೇ ಹಂತ ಓದಲು ಸಮಯವಿದ್ದರೆ ಇದನ್ನು ಓದಿ.

ಮೂರು ಅಂಕಿ ಬೇಕು. ಮಾಲು ಗೋದಾಮಿನಲ್ಲಿ ಎಷ್ಟು ದಿನ ಕೂರುತ್ತದೆ; ಮಾರಿದ ಮೇಲೆ ಉದ್ರಿ ವಸೂಲಿಗೆ ಎಷ್ಟು ದಿನ; ಪೂರೈಕೆದಾರರಿಗೆ ರೊಕ್ಕ ಕೊಡಲು ಎಷ್ಟು ದಿನದ ವಾಯಿದೆ. ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆಯಿರಿ. ಇದು ನಗದು ಚಕ್ರ, ಅಂದರೆ ಹಾಕಿದ ರೂಪಾಯಿ ತಿರುಗಿ ಕೈಗೆ ಬರುವ ದಿನಗಳು. ದಾಸ್ತಾನಿನ ದಿನ ತೆಗೆಯಲು ದಾಸ್ತಾನಿನ ಮೊತ್ತವನ್ನು ವರ್ಷದ ಮಾಲಿನ ಖರ್ಚಿನಿಂದ ಭಾಗಿಸಿ 365ರಿಂದ ಗುಣಿಸಿ. ಉದ್ರಿಯ ದಿನಕ್ಕೆ ಬಾಕಿಯನ್ನು ವರಮಾನದಿಂದ ಭಾಗಿಸಬೇಕು, ಪೂರೈಕೆದಾರರ ದಿನಕ್ಕೆ ಮತ್ತೆ ಮಾಲಿನ ಖರ್ಚಿನಿಂದ.

ದಾಸ್ತಾನು 110 ದಿನ, ಉದ್ರಿ 80 ದಿನ, ವಾಯಿದೆ 75 ದಿನವಾದರೆ ಚಕ್ರ 115 ದಿನ. ವರ್ಷಕ್ಕೆ 1,000 ಕೋಟಿ ವಹಿವಾಟಿಗೆ ಸ್ಥೂಲವಾಗಿ 315 ಕೋಟಿ ಸದಾ ಸಿಕ್ಕಿಬಿದ್ದಿರುತ್ತದೆ. ವಹಿವಾಟು ಶೇ 50 ಬೆಳೆದರೆ ಇನ್ನೂ 155–160 ಕೋಟಿ ಬೇಕು. ತೆರಿಗೆ ಕಳೆದು 40–45 ಕೋಟಿ ಗಳಿಸುವ ಕಂಪನಿ ಅದನ್ನು ಎಲ್ಲಿಂದ ತರುತ್ತದೆ? ಬ್ಯಾಂಕ್ ಸಾಲದಿಂದ, ಇಲ್ಲವೇ ಹೊಸ ಷೇರು ಮಾರಿ. ದೊಡ್ಡ ಸಂಸ್ಥೆಗಳಿಗೆ ನೇರವಾಗಿ ಹೊಸ ಷೇರು ಮಾರುವುದಕ್ಕೆ ಕ್ಯೂಐಪಿ ಎನ್ನುತ್ತಾರೆ. ಕೇನ್ಸ್ 2022ರ ನವೆಂಬರಿನಲ್ಲಿ ಐಪಿಒ ಮಾಡಿ, ಅಂದರೆ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರಿದ ಮೇಲೆ 2023ರ ಡಿಸೆಂಬರಿನಲ್ಲಿ 1,400 ಕೋಟಿ, 2025ರ ಜೂನ್‌ನಲ್ಲಿ 1,600 ಕೋಟಿ ರೂಪಾಯಿ ಕ್ಯೂಐಪಿ ಮೂಲಕ ಎತ್ತಿತು. ಬೆಳೆಯುವ ಕಂಪನಿಗೆ ಇದು ಸಹಜ. ಆದರೆ ಪ್ರತಿ ಸಲವೂ ನಿಮ್ಮ ಪಾಲು ಅಷ್ಟು ತೆಳುವಾಗುತ್ತದೆ. ಅದಕ್ಕೇ ಒಟ್ಟು ಲಾಭಕ್ಕಿಂತ ಪ್ರತಿ ಷೇರಿನ ಗಳಿಕೆ ಎಷ್ಟು ಬೆಳೆಯಿತೆಂದು ನೋಡಬೇಕು.

ನಗದು ಹರಿವಿನ ಪಟ್ಟಿಯಲ್ಲಿ ‘ಕಾರ್ಯಾಚರಣೆಯಿಂದ ಬಂದ ನಗದು’ ಎಂಬ ಸಾಲನ್ನು ಮೂರು ವರ್ಷದ್ದು ಕೂಡಿಸಿ, ಮೂರು ವರ್ಷದ ನಿವ್ವಳ ಲಾಭದ ಪಕ್ಕ ಇಡಿ. ಲಾಭ 200 ಕೋಟಿ ಇದ್ದು ನಗದು ಸೊನ್ನೆಯೋ ಋಣವೋ ಆಗಿದ್ದರೆ, ಮಾಲು ಎಲ್ಲಿ ಕೂತಿದೆ, ಉದ್ರಿ ಯಾರ ಬಳಿ ಇದೆ ಎಂಬ ಉತ್ತರ ಸಿಗುವ ತನಕ ಮುಂದೆ ಹೋಗಬೇಡಿ. ಟಿಪ್ಪಣಿಗಳಲ್ಲಿ ಇನ್ನೆರಡು ಪುಟ ತಪ್ಪದೆ ಓದಿ: ಆರು ತಿಂಗಳು ಮೀರಿದ ಉದ್ರಿಯ ಪಟ್ಟಿ, ಮತ್ತು ಪ್ರವರ್ತಕರ ಸಂಬಂಧಿ ಕಂಪನಿಗಳೊಂದಿಗಿನ ವ್ಯವಹಾರ. ಉದ್ರಿ ಬಿಲ್ಲುಗಳನ್ನು ಬ್ಯಾಂಕಿಗೆ ಮಾರಿ ಮೊದಲೇ ರೊಕ್ಕ ಪಡೆದಿದ್ದರೆ ಉದ್ರಿಯ ದಿನಗಳು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತವೆ, ಅದನ್ನೂ ಅಲ್ಲೇ ಹುಡುಕಿ. ಗ್ರಾಹಕರ ಮುಂಗಡ ಎಂಬ ಸಾಲು ಏರುತ್ತಿದ್ದರೆ ಒಳ್ಳೆಯ ಲಕ್ಷಣ. ಮಾಲಿನ ಹೊಣೆಯಲ್ಲಿ ಗ್ರಾಹಕನೂ ಕೈ ಜೋಡಿಸಿದ್ದಾನೆ ಎಂದರ್ಥ.

ದಾಸ್ತಾನಿಗೆ ಇಷ್ಟು ಒತ್ತು ಕೊಡಲು ಇತಿಹಾಸದ ಕಾರಣವಿದೆ. 2000ದ ಇಂಟರ್‌ನೆಟ್ ಉಬ್ಬರದಲ್ಲಿ ಟೆಲಿಕಾಂ ಉಪಕರಣಕ್ಕೆ ಎಲ್ಲಿಲ್ಲದ ಬೇಡಿಕೆ ಇತ್ತು. ಬಿಡಿಭಾಗ ಸಿಗದೆ ಹೋದೀತೆಂದು ಎಲ್ಲರೂ ಬೇಕಾದದ್ದಕ್ಕಿಂತ ಹೆಚ್ಚು ಆರ್ಡರ್ ಹಾಕಿದರು. ಉಬ್ಬರ ಇಳಿದಾಗ ಆ ಆರ್ಡರ್‌ಗಳು ಕಾಗದವಾದವು. 2001ರಲ್ಲಿ ನೆಟ್‌ವರ್ಕ್ ಉಪಕರಣದ ಕಂಪನಿ ಸಿಸ್ಕೊ ಒಂದೇ ಸುಮಾರು 220 ಕೋಟಿ ಡಾಲರ್ ದಾಸ್ತಾನನ್ನು ನಷ್ಟಕ್ಕೆ ಬರೆಯಿತು. ಆಗ ಗುತ್ತಿಗೆ ತಯಾರಿಕೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದ ಸೊಲೆಕ್ಟ್ರಾನ್ ಆ ಹೊಡೆತದಿಂದ ಚೇತರಿಸಿಕೊಳ್ಳಲೇ ಇಲ್ಲ. 2007ರಲ್ಲಿ ಅದೇ ಧಂದೆಯ ಫ್ಲೆಕ್ಸ್‌ಟ್ರಾನಿಕ್ಸ್ ಅದನ್ನು ಕೊಂಡುಕೊಂಡಿತು. ಇಂಟರ್‌ನೆಟ್ ನಿಜವಾಗಿಯೂ ಜಗತ್ತನ್ನು ಬದಲಿಸಿತು, ಆದರೂ ಅದರ ಪೆಟ್ಟಿಗೆ ಜೋಡಿಸಿದವರ ಷೇರುದಾರರು ಸೋತರು.

ಹಂತ 5: ಆರ್ಡರ್ ಬುಕ್ ನಂಬುವ ಬಗೆ

ಆರ್ಡರ್ ಬುಕ್ ಎಂದರೆ ಕೈಯಲ್ಲಿರುವ, ಇನ್ನೂ ಪೂರೈಸದ ಆರ್ಡರ್‌ಗಳ ಮೊತ್ತ. ಇದರಲ್ಲಿ ಖಚಿತ ಆರ್ಡರ್ ಎಷ್ಟು, ಗ್ರಾಹಕನ ಬರಿಯ ಅಂದಾಜು ಎಷ್ಟು, ಎಷ್ಟು ತಿಂಗಳಲ್ಲಿ ಪೂರೈಸಬೇಕು, ರದ್ದಾದರೆ ಮಾಲಿನ ಹೊಣೆ ಯಾರದು ಎಂಬ ನಾಲ್ಕಕ್ಕೆ ಕಾನ್‌ಕಾಲ್‌ನಲ್ಲಿ ಉತ್ತರ ಹುಡುಕಿ. ನಾಲ್ಕನೆಯದಕ್ಕೆ ನೇರ ಉತ್ತರ ಸಿಗುವುದು ಅಪರೂಪ. ಸಿಕ್ಕ ಕಂಪನಿಗೆ ಒಂದು ಅಂಕ ಹೆಚ್ಚು ಕೊಡಿ.

ಹಂತ 6: ಮಳೆ ಎಲ್ಲಿಂದ ಬರುತ್ತದೆ ಎಂದು ನೋಡಿ

ಈ ಕಂಪನಿಗಳ ಮಳೆ ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್, ಮೆಟಾ ಇವರ ಬಂಡವಾಳ ವೆಚ್ಚ, ಅಂದರೆ ಡೇಟಾ ಸೆಂಟರ್, ಸರ್ವರ್‌ಗಳಿಗೆ ಹಾಕುವ ರೊಕ್ಕ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಕೊನೆಗೋ ಮುಂದಿನ ತಿಂಗಳ ಮೊದಲಲ್ಲೋ ಇವರ ಫಲಿತಾಂಶ ಬರುತ್ತವೆ, ಜೊತೆಗೆ ಮುಂದಿನ ವೆಚ್ಚದ ಅಂದಾಜೂ. ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್ 2024ರಲ್ಲಿ 5,250 ಕೋಟಿ ಡಾಲರ್ ವೆಚ್ಚ ಮಾಡಿತ್ತು. 2025ಕ್ಕೆ ಫೆಬ್ರವರಿಯಲ್ಲಿ 7,500 ಕೋಟಿ ಎಂದಿತು, ಜುಲೈಯಲ್ಲಿ 8,500 ಕೋಟಿ, ಅಕ್ಟೋಬರಿನಲ್ಲಿ 9,100ರಿಂದ 9,300 ಕೋಟಿ. ಅಂದಾಜು ಹೀಗೆ ಮೇಲೇರುತ್ತಿರುವಾಗ ತಯಾರಕರ ಷೇರುಗಳಿಗೆ ಗಾಳಿ ಅನುಕೂಲ. ತಿರುಗಿದರೆ ಇಳಿತವೂ ಅಷ್ಟೇ ಬಿರುಸು. ಕಡಿಮೆ ಖರ್ಚಿನಲ್ಲಿ ಎಐ ಮಾದರಿ ಮಾಡಿದೆವೆಂದು ಚೀನಾದ ಡೀಪ್‌ಸೀಕ್ ಹೇಳಿದ ಸುದ್ದಿಗೆ 2025ರ ಜನವರಿ 27ರಂದು ಎನ್‌ವಿಡಿಯಾ ಒಂದೇ ದಿನ ಶೇ 17 ಬಿತ್ತು. ಆರ್ಡರ್ ಒಂದೂ ರದ್ದಾಗುವ ಮೊದಲೇ ಸರ್ವರ್ ಜೋಡಿಸುವವರ ಷೇರುಗಳೂ ಅದರ ಜೊತೆ ಬಿದ್ದವು.

ಭಾರತದ ಕಂಪನಿಗಳಿಗೆ ಇನ್ನೊಂದು ಮೂಲ ಸರ್ಕಾರದ ಪ್ರೋತ್ಸಾಹಧನ. ಸರ್ವರ್ ಸೇರಿದ ಐಟಿ ಹಾರ್ಡ್‌ವೇರ್‌ಗೆ 2023ರ ಮೇ ತಿಂಗಳಲ್ಲಿ 17,000 ಕೋಟಿಯ ಯೋಜನೆ ಬಂತು, ಬಿಡಿಭಾಗ ತಯಾರಿಕೆಗೆ 2025ರ ಮಾರ್ಚಿನಲ್ಲಿ 22,919 ಕೋಟಿಯದು. ಕಂಪನಿಯ ಲಾಭದಲ್ಲಿ ಪ್ರೋತ್ಸಾಹಧನದ ಪಾಲು ಎಷ್ಟೆಂದು ತೆಗೆದು, ಅದಿಲ್ಲದೆ ಲಾಭ ಎಷ್ಟು ಎಂದು ಪಕ್ಕದಲ್ಲಿ ಬರೆಯಿರಿ. ಯೋಜನೆಗೆ ಕೊನೆಯ ದಿನವಿರುತ್ತದೆ.

ಹಂತ 7: ಬೆಲೆ

ಒಳ್ಳೆಯ ಕಂಪನಿಯನ್ನು ಅತಿ ಬೆಲೆಗೆ ಕೊಳ್ಳುವುದು ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಪಿಇ ಎಂದರೆ ಒಂದು ರೂಪಾಯಿ ವಾರ್ಷಿಕ ಗಳಿಕೆಗೆ ಪೇಟೆ ಕೊಡುತ್ತಿರುವ ಬೆಲೆ. 80 ಪಿಇಗೆ ಕೊಂಡಿರಿ, ಲಾಭ ಐದು ವರ್ಷ ತಪ್ಪದೆ ಶೇ 30ರಂತೆ ಬೆಳೆದು 3.7 ಪಟ್ಟಾಯಿತು ಎಂದುಕೊಳ್ಳೋಣ. ಆ ಹೊತ್ತಿಗೆ ಬೆಳವಣಿಗೆ ನಿಧಾನವಾಗಿ ಪಿಇ 25ಕ್ಕೆ ಬಂದರೆ ನಿಮ್ಮ 100 ರೂಪಾಯಿ 116 ಆಗಿರುತ್ತದೆ. ಶೇ 6.5ರ ಬ್ಯಾಂಕ್ ಠೇವಣಿ ಅದೇ ಐದು ವರ್ಷದಲ್ಲಿ 137 ಕೊಡುತ್ತದೆ. ಕೊಳ್ಳುವ ಮುನ್ನ ನಿಮ್ಮ ಬೆಲೆಗೆ ಈ ಲೆಕ್ಕ ಮಾಡಿ.

ಹಂತ 8: ಖರೀದಿ

ಒಮ್ಮೆಗೇ ಬೇಡ. ಮೂರು ಪಾಲು ಮಾಡಿ, ಒಂದೊಂದು ತ್ರೈಮಾಸಿಕ ಫಲಿತಾಂಶ ನೋಡಿದ ಮೇಲೆ ಒಂದೊಂದು ಪಾಲು ಕೊಳ್ಳಿ. ಇಂಥ ಒಂದು ಷೇರು ನಿಮ್ಮ ಒಟ್ಟು ಷೇರು ಹೂಡಿಕೆಯ ಶೇ 5 ದಾಟದಿರಲಿ. ಮಾರುಕಟ್ಟೆ ದರದ ಬದಲು ಮಿತಿ ದರದ ಆರ್ಡರ್ ಹಾಕಿ, ಅಂದರೆ ಇಂತಿಷ್ಟಕ್ಕಿಂತ ಮೇಲೆ ಬೇಡ ಎಂದು ನೀವೇ ಬೆಲೆ ಬರೆಯಿರಿ. ಷೇರುಪೇಟೆಯಲ್ಲಿ ಸಣ್ಣ ಕಂಪನಿಗಳಿಗೆಂದೇ ಇರುವ ಎಸ್‌ಎಂಇ ವೇದಿಕೆಯ ಪುಟ್ಟ ಎಲೆಕ್ಟ್ರಾನಿಕ್ಸ್ ಕಂಪನಿಗಳಿಂದ ಹೊಸಬರು ದೂರವಿರಿ. ಅಲ್ಲಿ ಲಾಟ್ ಲೆಕ್ಕದಲ್ಲೇ, ಅಂದರೆ ನಿಗದಿತ ಸಂಖ್ಯೆಯ ಕಟ್ಟಿನಲ್ಲೇ ಮಾರಬೇಕು, ಬೀಳುವ ದಿನ ಕೊಳ್ಳುವವರು ಸಿಗುವುದಿಲ್ಲ. ವಾಟ್ಸಾಪ್, ಟೆಲಿಗ್ರಾಂ ಗುಂಪಿನಲ್ಲಿ “ಎಐ ಷೇರು ಟಿಪ್” ಬಂದರೆ ಕಳಿಸಿದವರು ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ಪಡೆದ ನೋಂದಣಿ ಸಂಖ್ಯೆಯನ್ನು ಸೆಬಿ ತಾಣದಲ್ಲಿ ಹಾಕಿ ನೋಡಿ. ಸಲಹೆಗಾರರದು ಐಎನ್‌ಎ, ವಿಶ್ಲೇಷಕರದು ಐಎನ್‌ಎಚ್ ಎಂದು ಶುರುವಾಗುತ್ತದೆ. ಅವರು ಕಳಿಸಿದ ಲಿಂಕಿನಿಂದ ಆ್ಯಪ್ ಹಾಕಿಕೊಂಡು ರೊಕ್ಕ ಕಳೆದುಕೊಂಡಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದೇಶದ ಷೇರನ್ನು 12 ತಿಂಗಳೊಳಗೆ ಮಾರಿದರೆ ಲಾಭಕ್ಕೆ ಶೇ 20 ತೆರಿಗೆ; ಅದಕ್ಕೂ ಹೆಚ್ಚು ಕಾಲ ಇಟ್ಟರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5.

ಸೆಲೆಸ್ಟಿಕಾ, ಜೇಬಿಲ್‌ನಂಥ ವಿದೇಶಿ ಷೇರು ಬೇಕೆಂದರೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ದಾರಿಯಿದೆ: ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ತನಕ ಹೊರಗೆ ಕಳಿಸಬಹುದು. ಬ್ಯಾಂಕಿನಲ್ಲಿ ಫಾರ್ಮ್ ಎ2 ತುಂಬಬೇಕು. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ 20 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಅದು ಮುಂಗಡ ತೆರಿಗೆ ಇದ್ದಂತೆ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಡಾಲರ್ ದರದ ಮೇಲೆ ಬ್ಯಾಂಕ್ ಸೇರಿಸುವ ಕಮಿಷನ್ ಮೊದಲೇ ಕೇಳಿ. ಸಣ್ಣ ಮೊತ್ತಕ್ಕೆ ಈ ಖರ್ಚೇ ಭಾರವಾಗುತ್ತದೆ. 24 ತಿಂಗಳು ಮೀರಿ ಇಟ್ಟು ಮಾರಿದರೆ ಶೇ 12.5, ಅದರೊಳಗಾದರೆ ನಿಮ್ಮ ಆದಾಯದ ಸ್ಲ್ಯಾಬ್ ದರ. ಒಂದೇ ಒಂದು ವಿದೇಶಿ ಷೇರಿದ್ದರೂ ಐಟಿಆರ್-1 ಎಂಬ ಸರಳ ರಿಟರ್ನ್ ಫಾರ್ಮ್ ನಡೆಯದು. ಐಟಿಆರ್-2 ಅಥವಾ 3ರಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು, ಅದೂ ಜನವರಿ–ಡಿಸೆಂಬರ್ ಲೆಕ್ಕದಲ್ಲಿ. ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಒಟ್ಟು 20 ಲಕ್ಷದೊಳಗಿನ ಷೇರಿನಂಥ ಆಸ್ತಿಗೆ 2024ರ ಅಕ್ಟೋಬರ್‌ನಿಂದ ದಂಡದ ವಿನಾಯಿತಿ ಬಂದಿದೆ, ಘೋಷಣೆ ಮಾತ್ರ ಆಗಲೂ ಕಡ್ಡಾಯ.

ಹಂತ 9: ಕೊಂಡ ಮೇಲೆ

ಪ್ರತಿ ಫಲಿತಾಂಶದ ದಿನ ಅದೇ ನೋಟ್‌ಬುಕ್ಕಿನಲ್ಲಿ ಈ ಐದರಲ್ಲಿ ಸಿಕ್ಕಷ್ಟು ಅಂಕಿ ಸೇರಿಸಿ: ವರಮಾನ, ದಾಸ್ತಾನು, ಉದ್ರಿ, ನಿವ್ವಳ ಸಾಲ, ಮೊದಲ ಗ್ರಾಹಕನ ಪಾಲು. ಭಾರತದ ಕಂಪನಿಗಳು ಆಸ್ತಿ–ಹೊಣೆ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಮಾತ್ರ ಕೊಡುವುದರಿಂದ ದಾಸ್ತಾನು, ಉದ್ರಿ, ಸಾಲಕ್ಕೆ ಸೆಪ್ಟೆಂಬರ್ ಮತ್ತು ಮಾರ್ಚ್ ಅಂಕಿಗಳನ್ನೇ ನೆಚ್ಚಿ. ದಾಸ್ತಾನು ಸತತ ಎರಡು ಸಲ ವರಮಾನಕ್ಕಿಂತ ವೇಗವಾಗಿ ಏರಿದರೆ, ಗ್ರಾಹಕರ ಮುಂಗಡ ಕರಗುತ್ತಿದ್ದರೆ, ಅಥವಾ ಲೆಕ್ಕಪರಿಶೋಧಕರು ಅವಧಿಗೆ ಮೊದಲೇ ಬಿಟ್ಟುಹೋದರೆ ಹೊಸ ಖರೀದಿ ನಿಲ್ಲಿಸಿ, ಕಾರಣ ಹುಡುಕಿ. ದೊಡ್ಡ ಕ್ಲೌಡ್ ಕಂಪನಿಗಳಲ್ಲಿ ಎರಡು ಒಟ್ಟಿಗೆ ವೆಚ್ಚದ ಅಂದಾಜು ಇಳಿಸಿದರೆ, ಕೈಯಲ್ಲಿರುವ ಷೇರಿನ ಬೆಲೆ ಇನ್ನೂ ಮೇಲಿದ್ದರೂ ಅರ್ಧ ಮಾರಿ. ಆರ್ಡರ್ ಕಡಿತದ ಪರಿಣಾಮ ತಯಾರಕರ ಫಲಿತಾಂಶದಲ್ಲಿ ಕಾಣಲು ಒಂದೆರಡು ತ್ರೈಮಾಸಿಕ ಹಿಡಿಯುತ್ತದೆ, ಷೇರಿನ ಬೆಲೆಯಲ್ಲಿ ಕಾಣಲು ಅಷ್ಟು ದಿನ ಬೇಕಿಲ್ಲ.